'ಕ್ಲಿಯೋಪಾತ್ರ ಸ್ನಾನದ ಪೆಟ್ಟಿಗೆ' ಬಳಸಿ ಕೈ ಉರಿಯುತ್ತಿದೆ: ಇದರಲ್ಲಿ ಈಜಿಪ್ಟಿನದು ಎಷ್ಟು, ಅಂಗಡಿಯವರದು ಎಷ್ಟು?

ಹಂಡೆನೀರು
ತಂಗಿಯ ಮದುವೆಗೆ ಐದು ವಾರ ಉಳಿದಿದೆ. ಅತ್ತಿಗೆ ದುಬೈಯಿಂದ ಬರುವಾಗ ಅವಳಿಗೆಂದು ಒಂದು ಪೆಟ್ಟಿಗೆ ತಂದುಕೊಟ್ಟರು. ಮೇಲೆ ಚಿನ್ನದ ಬಣ್ಣದ ಕಣ್ಣು, ಮೂರು ಪಿರಮಿಡ್ಡು, ಐದು ಸಾವಿರ ವರ್ಷಗಳ ಸೌಂದರ್ಯ ರಹಸ್ಯ ಎಂಬ ಬರಹ. ಒಳಗೆ ನೇಟ್ರಾನ್ ಎಂಬ ಬಿಳಿ ಉಪ್ಪು, ಕತ್ತೆ ಹಾಲಿನ ಪುಡಿ, ನುಗ್ಗೆ ಬೀಜದ ಎಣ್ಣೆ, ಅರ್ಗನ್ ಎಣ್ಣೆ, ಮೈ ಉಜ್ಜುವ ಲೂಫಾ, ಪುಟ್ಟ ಡಬ್ಬಿಯಲ್ಲಿ ಕಾಡಿಗೆ. ಎಲ್ಲವೂ ನೂರಕ್ಕೆ ನೂರು ನೈಸರ್ಗಿಕವಂತೆ.

ಮದುಮಗಳ ಮೈಗೆ ಹಚ್ಚುವ ಮೊದಲು ನಾನೇ ಪರೀಕ್ಷೆ ಮಾಡೋಣವೆಂದು ಉಪ್ಪನ್ನು ನೀರಿನಲ್ಲಿ ಕಲಸಿ, ಅವರು ಹೇಳಿದ ಹಾಗೆ ಐದು ನಿಮಿಷ ಮೊಣಕೈಯಿಂದ ಮಣಿಕಟ್ಟಿನವರೆಗೆ ತಿಕ್ಕಿದೆ. ಮೊದಲು ಸಾಬೂನಿನ ಹಾಗೆ ನುಣ್ಣಗೆ ಜಾರುತ್ತಿತ್ತು, ಖುಷಿಯಾಯಿತು. ಸ್ವಲ್ಪ ಹೊತ್ತಿಗೆ ಹಸಿಮೆಣಸಿನಕಾಯಿ ಹೆಚ್ಚಿದ ಕೈಯ ಹಾಗೆ ಉರಿ ಶುರುವಾಯಿತು. ಈಗ ಮೊಣಕೈ ಮಡಿಕೆಯಲ್ಲಿ ಕೆಂಪು ಪಟ್ಟಿ ಎದ್ದಿದೆ.

ಅತ್ತಿಗೆಯ ಮುಂದೆ ಬಾಯಿ ಬಿಡುವ ಹಾಗಿಲ್ಲ. ಇವನ್ನೆಲ್ಲ ಆ ಕಾಲದವರು ನಿಜವಾಗಿ ಬಳಸುತ್ತಿದ್ದರೇ? ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಎಸೆಯಲಿ?

ಮದರಂಗಿ
ಮೊದಲು ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಿರಿ ಅಕ್ಕ. ಇತಿಹಾಸ ಆಮೇಲೆ.

ನಿವೃತ್ತ ಮೇಷ್ಟ್ರು
ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವನು, ಆದ್ದರಿಂದ ಸ್ವಲ್ಪ ಉದ್ದವಾದರೆ ಕ್ಷಮಿಸಿ.

ನೇಟ್ರಾನ್ ಎಂಬುದು ಕಟ್ಟುಕತೆಯಲ್ಲ. ಕೈರೋದ ವಾಯವ್ಯಕ್ಕೆ ವಾದಿ ಎಲ್ ನತ್ರೂನ್ ಎಂಬ ತಗ್ಗು ಪ್ರದೇಶವಿದೆ. ಅಲ್ಲಿನ ಕೆರೆಗಳು ಬತ್ತಿದಾಗ ದಡದಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತದೆ. ಅದೇ ನೇಟ್ರಾನ್. ಅದರಲ್ಲಿ ಮುಖ್ಯವಾಗಿ ಇರುವುದು ವಾಷಿಂಗ್ ಸೋಡಾ ಮತ್ತು ಅಡುಗೆ ಸೋಡಾ. ಜೊತೆಗೆ ಒಂದಿಷ್ಟು ಉಪ್ಪು, ಸೋಡಿಯಂ ಸಲ್ಫೇಟ್. ಸೋಡಿಯಂಗೆ ನಾವು ಎನ್‌ಎ ಎಂಬ ಸಂಕೇತ ಬರೆಯುತ್ತೇವಲ್ಲ, ಆ ನೇಟ್ರಿಯಂ ಎಂಬ ಹೆಸರು ಹುಟ್ಟಿದ್ದು ಇದರಿಂದಲೇ.

ಈಜಿಪ್ಟಿನವರು ಇದರಿಂದ ಬಟ್ಟೆ ಒಗೆಯುತ್ತಿದ್ದರು, ಪುರೋಹಿತರು ಶುದ್ಧಿಗೆಂದು ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಮೈ ತೊಳೆಯುವುದಕ್ಕೂ ಬಳಕೆಯಿತ್ತು. ಆದರೆ ಇದರ ದೊಡ್ಡ ಕೆಲಸ ಬೇರೆಯೇ. ಹೆಣವನ್ನು ಸುಮಾರು 40 ದಿನ ಇದರಲ್ಲಿ ಹೂತು ನೀರೆಲ್ಲ ಹೀರಿಸಿ ಒಣಗಿಸುತ್ತಿದ್ದರು. ಮಮ್ಮಿ ಆಗುತ್ತಿದ್ದದ್ದು ಹಾಗೆ.

ನಿಮ್ಮ ಕೈ ಜಾರುತ್ತಿದ್ದದ್ದು ಏಕೆ ಗೊತ್ತೇ? ನಿಮ್ಮ ಚರ್ಮದ ಎಣ್ಣೆಯಂಶವೇ ಕ್ಷಾರದ ಜೊತೆ ಸೇರಿ ಸಾಬೂನಾಗುತ್ತಿತ್ತು. ಹುಳಿ, ಕ್ಷಾರ ಅಳೆಯುವ ಪಿಎಚ್ ಎಂಬ ಮಾನದಲ್ಲಿ 7 ನಡುಮಟ್ಟ, ಅದಕ್ಕಿಂತ ಮೇಲೆ ಹೋದಷ್ಟೂ ಕ್ಷಾರ. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5. ವಾಷಿಂಗ್ ಸೋಡಾ ಕದಡಿದ ನೀರಿನದು ಸುಮಾರು 11. ಐದು ನಿಮಿಷ ಬಹಳವಾಯಿತು ತಾಯಿ.

ಹಂಡೆನೀರು
ಹಾಗಾದರೆ ನಾನು ನನ್ನ ಕೈಯನ್ನು ಮಮ್ಮಿ ಮಾಡಿಕೊಳ್ಳುತ್ತಿದ್ದೆ!

ಕೆರೆಕೋಡಿ
ಮೇಷ್ಟ್ರು ಹೇಳಿದ ಬಿಳಿ ಹೊಪ್ಪಳೆ ನಮ್ಮೂರಿನಲ್ಲೂ ಇತ್ತು. ಕೆರೆಯ ಕೆಳಗಿನ ಗದ್ದೆಯಲ್ಲಿ ಬೇಸಿಗೆಗೆ ನೆಲ ಬೆಳ್ಳಗಾಗುತ್ತಿತ್ತು. ಚೌಳು ಮಣ್ಣು. ಅಗಸರ ಮನೆಯವರು ಪೊರಕೆಯಲ್ಲಿ ಗುಡಿಸಿ ಮಂಕರಿಯಲ್ಲಿ ತುಂಬಿಕೊಂಡು ಹೋಗಿ, ಬಟ್ಟೆಯನ್ನು ಅದರ ನೀರಿನಲ್ಲಿ ನೆನೆಸಿ ಹಬೆಯಲ್ಲಿ ಬೇಯಿಸುತ್ತಿದ್ದರು. ಬಿಳಿ ಪಂಚೆ ಬೆಳ್ಳಕ್ಕಿಯ ಹಾಗೆ ಬರುತ್ತಿತ್ತು. ಆದರೆ ಆ ಅಜ್ಜಿಯ ಬೆರಳ ಸಂದುಗಳು ಸದಾ ಬಿರಿದಿರುತ್ತಿದ್ದವು, ರಾತ್ರಿ ಹರಳೆಣ್ಣೆ ಹಚ್ಚಿಕೊಂಡು ಮಲಗುತ್ತಿದ್ದಳು. ಚೌಳು ಮಣ್ಣಿನಲ್ಲಿ ಸ್ನಾನ ಮಾಡಿ ಎಂದು ಅವಳು ಯಾರಿಗೂ ಹೇಳಲಿಲ್ಲ.

ಮೂಲಿಕೆ
ಎಲ್ಲರೂ ಸೇರಿ ಪುರಾತನ ಜ್ಞಾನವನ್ನು ಹಳಿಯುವುದು ಈಗಿನ ಚಾಳಿ. ಮೂರು ಸಾವಿರ ವರ್ಷ ನಡೆದ ನಾಗರಿಕತೆ ಅದು. ನೈಸರ್ಗಿಕವಾದದ್ದು ನಿಧಾನವಾಗಿ ಮೈಗೆ ಒಗ್ಗುತ್ತದೆ. ಕಾರ್ಖಾನೆಯ ಕ್ರೀಮು ಹಚ್ಚಿ ಹಾಳಾದವರ ಲೆಕ್ಕ ಯಾರಾದರೂ ಇಟ್ಟಿದ್ದಾರೆಯೇ?

ಪುರಾವೆ
ಮೂಲಿಕೆಯವರೇ, ನಿಮ್ಮ ಪುರಾತನ ಜ್ಞಾನದ ಒಂದು ಶೀಶೆಯ ಕತೆ ಕೇಳಿ. ಹತ್‌ಶೆಪ್ಸುತ್ ಎಂಬ ರಾಣಿ ಕ್ರಿ.ಪೂ. 15ನೇ ಶತಮಾನದಲ್ಲಿ ಗಂಡಸರ ಹಾಗೆ ಗಡ್ಡ ಕಟ್ಟಿಕೊಂಡು ಫೇರೋ ಆಗಿ ಆಳಿದವಳು. ಅವಳ ಹೆಸರು ಕೆತ್ತಿದ ಒಂದು ಪುಟ್ಟ ಶೀಶೆ ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. ಅದರಲ್ಲಿದ್ದದ್ದು ಸುಗಂಧ ದ್ರವ್ಯವೆಂದೇ ಎಲ್ಲರೂ ನಂಬಿದ್ದರು. 2011ರಲ್ಲಿ ತಳದ ಗಷ್ಟು ತೆಗೆದು ಪರೀಕ್ಷಿಸಿದಾಗ ಸಿಕ್ಕಿದ್ದು ತಾಳೆ ಎಣ್ಣೆ, ಜಾಯಿಕಾಯಿ ಎಣ್ಣೆ ಮತ್ತು ಟಾರಿನ ಅಂಶ. ಸಂಶೋಧಕರ ಊಹೆಯ ಪ್ರಕಾರ ಅದು ತುರಿಕೆಗೆ ಹಚ್ಚುವ ಔಷಧಿ. ಆ ಟಾರಿನಲ್ಲಿ ಬೆಂಜೋಪೈರೀನ್ ಎಂಬ ಕ್ಯಾನ್ಸರ್‌ಕಾರಕವೂ ಇತ್ತು. ರಾಣಿಗೆ ಅದರಿಂದಲೇ ರೋಗ ಬಂತೆಂದು ಯಾರೂ ಸಾಧಿಸಿಲ್ಲ. ಆದರೆ ನೈಸರ್ಗಿಕ ಎನ್ನುವ ಮಾತಿಗೆ ಆ ಶೀಶೆಯೇ ಉತ್ತರ.

ಮೂಲಿಕೆ
ಒಂದು ಶೀಶೆ ಹಿಡಿದು ಇಡೀ ದೇಶವನ್ನು ತೂಗುತ್ತೀರಾ?

ಪುರಾವೆ
ನೀವು ಒಂದು ಪೆಟ್ಟಿಗೆ ಹಿಡಿದು ತೂಗುತ್ತಿದ್ದೀರಲ್ಲ, ಹಾಗೆಯೇ.

ಕೈರೋ ಕನ್ನಡಿಗ
ಕೆಲಸದ ಮೇಲೆ ನಾಲ್ಕು ವರ್ಷದಿಂದ ಕೈರೋದಲ್ಲಿದ್ದೇನೆ. ಪೆಟ್ಟಿಗೆಯಲ್ಲಿ ಅರ್ಗನ್ ಎಣ್ಣೆ ನೋಡಿ ನಗು ಬಂತು. ಅರ್ಗನ್ ಮರ ಮೊರೊಕ್ಕೊ ದೇಶದ್ದು. ಕೈರೋಗೂ ಅಲ್ಲಿಗೂ ಮೂರು ಸಾವಿರ ಕಿಲೋಮೀಟರಿಗಿಂತ ಹೆಚ್ಚು ದೂರ. ಮೈಸೂರು ಪಾಕಿನ ಡಬ್ಬಿಯಲ್ಲಿ ಆಗ್ರಾದ ಪೇಠಾ ಇಟ್ಟ ಹಾಗಾಯಿತು. ಎಣ್ಣೆ ಕೆಟ್ಟದ್ದಲ್ಲ, ಹೆಸರು ಮಾತ್ರ ಸುಳ್ಳು.

ಇಲ್ಲಿನ ಹಳೆಯ ಪೇಟೆ ಖಾನ್ ಎಲ್ ಖಲೀಲಿಯಲ್ಲಿ ಪ್ರತಿ ಎರಡನೆಯ ಅಂಗಡಿಯೂ 'ಕ್ಲಿಯೋಪಾತ್ರಳ ಗುಟ್ಟು' ಮಾರುತ್ತದೆ. ಮನೆಯ ಕೆಳಗಿನ ಗಂಧದಂಗಡಿಯ ಮುದುಕನನ್ನು ನಿಮ್ಮ ಮನೆಯವರು ಏನು ಹಚ್ಚುತ್ತಾರೆ ಎಂದು ಕೇಳಿದೆ. ಆಲಿವ್ ಎಣ್ಣೆ ಸಾಬೂನು, ಕಾಲು ಒಡೆದರೆ ವ್ಯಾಸಲೀನು ಎಂದ.

ಇನ್ನೊಂದು ಮಾತು. ಅಮಾರ್ನಾ ಎಂಬಲ್ಲಿ ಕ್ರಿ.ಪೂ. 14ನೇ ಶತಮಾನದ ಊರಿನ ಅವಶೇಷವಿದೆ. ಅಲ್ಲಿನ ಸಿರಿವಂತರ ಮನೆಗಳಲ್ಲಿ ಸ್ನಾನದ ಕೋಣೆ ಹೇಗಿತ್ತೆಂದರೆ, ಮೂಲೆಯಲ್ಲಿ ಸುಣ್ಣಕಲ್ಲಿನ ಚಪ್ಪಡಿ, ಗೋಡೆಗೆ ನೀರು ಸಿಡಿಯದಂತೆ ಕಲ್ಲಿನ ಹೊದಿಕೆ, ಆಳು ಮೇಲಿನಿಂದ ನೀರು ಹೊಯ್ಯಬೇಕು, ಹರಿದ ನೀರು ಗಡಿಗೆಗೆ ಇಳಿಯಬೇಕು. ನಕ್ಷೆ ನೋಡಿದ ಕೂಡಲೇ ತೀರ್ಥಹಳ್ಳಿಯ ಅಜ್ಜನ ಮನೆಯ ಬಚ್ಚಲು ನೆನಪಾಯಿತು. ಹಂಡೆಯೊಂದು ಇರಲಿಲ್ಲ, ಅಷ್ಟೇ. ಹಾಲು ತುಂಬಿದ ಅಮೃತಶಿಲೆಯ ತೊಟ್ಟಿ ಸಿನಿಮಾದವರ ಕೊಡುಗೆ.

ತೋಟದ ಮನೆ
ಲೂಫಾ ಬಗ್ಗೆ ಯಾರೂ ಹೇಳಲಿಲ್ಲ. ಅದು ನಮ್ಮ ತುಪ್ಪದ ಹೀರೆ! ಬೇಲಿಯ ಮೇಲೆ ಬಲಿತು ಒಣಗಿದ ಕಾಯಿಯ ಸಿಪ್ಪೆ ಸುಲಿದು ಬೀಜ ಉದುರಿಸಿದರೆ ಅದೇ ನಾರು. ವೈಜ್ಞಾನಿಕ ಹೆಸರು ಲುಫಾ ಈಜಿಪ್ಟಿಯಾಕಾ. ಹೆಸರಿನಲ್ಲಿ ಈಜಿಪ್ಟ್ ಇರುವುದು ಯುರೋಪಿನ ಸಸ್ಯಶಾಸ್ತ್ರಜ್ಞರು 17ನೇ ಶತಮಾನದಲ್ಲಿ ಅದನ್ನು ಅಲ್ಲಿ ಬೆಳೆದಿದ್ದನ್ನು ಕಂಡು ವರ್ಣಿಸಿದ್ದರಿಂದ. ಬಳ್ಳಿಯ ತವರು ನಮ್ಮ ಏಷ್ಯಾ ಕಡೆಯದು. ಫೇರೋಗಳ ತಲೆಗೆ ಕಟ್ಟಿ ಮಾರುತ್ತಿದ್ದಾರೆ. ನಮ್ಮ ಹಿತ್ತಿಲಿನಲ್ಲಿ ಇಪ್ಪತ್ತು ತೂಗುತ್ತಿವೆ, ಹಂಡೆನೀರಕ್ಕ, ವಿಳಾಸ ಕಳುಹಿಸಿ.

ಪುಟ್ಟಿಯ ಅಮ್ಮ
ಕಾಡಿಗೆಯ ವಿಷಯ ಹೇಳಿ ದಯವಿಟ್ಟು. ನನ್ನ ಮಗುವಿಗೆ ಏಳು ತಿಂಗಳು. ನಮ್ಮ ಮನೆಯಲ್ಲೂ ಇಂಥದೇ ಡಬ್ಬಿ ಯಾರೋ ಕೊಟ್ಟಿದ್ದಾರೆ. ಅತ್ತೆ ದಿನಾ ಹಚ್ಚಬೇಕೆನ್ನುತ್ತಾರೆ.

ನಿವೃತ್ತ ಮೇಷ್ಟ್ರು
ಹಚ್ಚಬೇಡಿ. ಪುರಾತನ ಈಜಿಪ್ಟಿನ ಕಪ್ಪು ಕಾಡಿಗೆ ಗೆಲೀನಾ ಎಂಬ ಅದಿರಿನ ಪುಡಿ, ಅಂದರೆ ಸೀಸದ ಸಲ್ಫೈಡ್. ಅವರ ಹಸಿರು ಬಣ್ಣ ಮ್ಯಾಲಕೈಟ್ ಎಂಬ ತಾಮ್ರದ ಅದಿರು. ಇವತ್ತಿಗೂ ಸುರ್ಮಾ, ಕೋಲ್ ಎಂಬ ಹೆಸರಿನಲ್ಲಿ ಮಾರುವ ಕೆಲವು ಡಬ್ಬಿಗಳಲ್ಲಿ ಸೀಸ ಇರುತ್ತದೆ. ಮಕ್ಕಳು ಕಣ್ಣುಜ್ಜಿ ಬೆರಳು ಚೀಪುತ್ತವೆ. ಸೀಸ ಮಿದುಳಿಗೆ ಏರುವುದು ಹೀಗೆಯೇ. ಅಮೆರಿಕದಲ್ಲಿ ಕೋಲ್ ಅನ್ನು ಪ್ರಸಾಧನದ ಬಣ್ಣವಾಗಿ ಬಳಸಲು ಅನುಮತಿಯೇ ಇಲ್ಲ.

ಮೂಲಿಕೆ
ಅರ್ಧ ಸತ್ಯ ಹೇಳಬೇಡಿ ಮೇಷ್ಟ್ರೇ. ಫ್ರಾನ್ಸಿನ ವಿಜ್ಞಾನಿಗಳೇ ಈಜಿಪ್ಟಿನ ಕಾಡಿಗೆ ಕಣ್ಣಿಗೆ ಒಳ್ಳೆಯದೆಂದು ಹೇಳಿದ್ದಾರೆ.

ಪುರಾವೆ
ಆ ಪ್ರಬಂಧ 2010ರದು, ನಾನು ಓದಿದ್ದೇನೆ. ಲೂವ್ರ್ ವಸ್ತುಸಂಗ್ರಹಾಲಯದ ಕಾಡಿಗೆ ಡಬ್ಬಿಗಳ ಪುಡಿಯಲ್ಲಿ ನಿಸರ್ಗದಲ್ಲಿ ವಿರಳವಾದ ಎರಡು ಸೀಸದ ಕ್ಲೋರೈಡುಗಳು ಸಿಕ್ಕಿದ್ದವು. ಅವನ್ನು ಉಪ್ಪು ಮತ್ತು ನೇಟ್ರಾನ್ ಸೇರಿಸಿ ನೀರಿನಲ್ಲಿ ವಾರಗಟ್ಟಲೆ ನೆನೆಸಿ ಕೈಯಾರೆ ತಯಾರಿಸುತ್ತಿದ್ದರು. ಅಂದರೆ ನಿಮ್ಮ 'ನೈಸರ್ಗಿಕ' ಕಾಡಿಗೆಯೇ ಪ್ರಯೋಗಶಾಲೆಯ ಸರಕು! ಅತ್ಯಲ್ಪ ಪ್ರಮಾಣದ ಸೀಸ ಚರ್ಮದ ಜೀವಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ಉತ್ಪತ್ತಿಯನ್ನು ಹೆಚ್ಚಿಸಿತು, ಅದು ರೋಗನಿರೋಧಕ್ಕೆ ನೆರವಾಗಿರಬಹುದು ಎಂಬುದು ಅವರ ಮಾತು. ಗಾಜಿನ ತಟ್ಟೆಯ ಜೀವಕೋಶದ ಮಾತು ಅದು. ಏಳು ತಿಂಗಳ ಮಗುವಿನ ಕಣ್ಣಿನದಲ್ಲ.

ಮೂಲಿಕೆ
ವಾರಗಟ್ಟಲೆ ನೆನೆಸುವುದು ನನಗೆ ಗೊತ್ತಿರಲಿಲ್ಲ. ಮಗುವಿನ ವಿಷಯದಲ್ಲಿ ಒಪ್ಪುತ್ತೇನೆ. ಉಳಿದದ್ದರಲ್ಲಿ ಇಲ್ಲ.

ಕೆರೆಕೋಡಿ
ನಮ್ಮ ಮನೆಯ ಕಾಡಿಗೆ ಹರಳೆಣ್ಣೆ ದೀಪದ್ದು. ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಕೂತ ಮಸಿಗೆ ಒಂದು ಹನಿ ತುಪ್ಪ. ಅದರಲ್ಲಿ ಸೀಸದ ಮಾತಿಲ್ಲ. ಹರಳೆಣ್ಣೆಯೂ ಈಜಿಪ್ಟಿನಲ್ಲಿ ಇತ್ತು, ಜೌಗು ಪ್ರದೇಶದ ಜನ ಅದನ್ನು 'ಕಿಕಿ' ಎನ್ನುತ್ತಾರೆ, ದೀಪಕ್ಕೂ ಆಗುತ್ತದೆ, ವಾಸನೆ ಮಾತ್ರ ಸಹಿಸಲಾಗದು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಭಾನುವಾರದ ಎಣ್ಣೆಸ್ನಾನಕ್ಕೆ ಹಿಡಿದು ಕೂರಿಸಿದ ಹುಡುಗರೆಲ್ಲರ ಪರವಾಗಿ ಬರೆದ ಹಾಗಿದೆ.

ಪುಟ್ಟಿಯ ಅಮ್ಮ
ಮನೆಯ ಕಾಡಿಗೆಯೂ ಕಣ್ಣೊಳಗೆ ಬೇಡವೆಂದು ಮಕ್ಕಳ ಡಾಕ್ಟರು ಹೇಳಿದ್ದಾರೆ. ಅಂಗಾಲಿಗೆ ಒಂದು ದೃಷ್ಟಿಬೊಟ್ಟು ಇಡಲು ಅತ್ತೆಯನ್ನು ಒಪ್ಪಿಸಿದೆ. ಡಬ್ಬಿ ಕಸಕ್ಕೆ ಹೋಯಿತು.

ಹಾಲುಗಾಜು
ಕತ್ತೆ ಹಾಲಿನ ವಿಷಯಕ್ಕೆ ಬರೋಣ. ಕ್ಲಿಯೋಪಾತ್ರ ಕತ್ತೆ ಹಾಲಿನಲ್ಲಿ ಮಿಂದಳು ಎಂದು ಆ ಕಾಲದ ಯಾರೂ ಬರೆದಿಲ್ಲ. ಬರೆದದ್ದು ರೋಮಿನ ಲೇಖಕ ಪ್ಲಿನಿ, ಅದೂ ನೀರೋ ಚಕ್ರವರ್ತಿಯ ಹೆಂಡತಿ ಪೋಪಿಯಾಳ ಬಗ್ಗೆ. ಎಲ್ಲಿ ಹೋದರೂ ಅವಳ ಹಿಂದೆ ಮರಿ ಹಾಕಿದ 500 ಕತ್ತೆಗಳು ಹೋಗುತ್ತಿದ್ದವಂತೆ. ಕ್ಲಿಯೋಪಾತ್ರ ಕ್ರಿ.ಪೂ. 30ರಲ್ಲೇ ಸತ್ತಿದ್ದಳು. ಅಷ್ಟಕ್ಕೂ ಅವಳ ವಂಶ ಮ್ಯಾಸಿಡೋನಿಯಾದಿಂದ ಬಂದ ಗ್ರೀಕರದು, ಗೀಜಾದ ಪಿರಮಿಡ್ಡುಗಳು ಅವಳ ಕಾಲಕ್ಕೆ ಎರಡೂವರೆ ಸಾವಿರ ವರ್ಷ ಹಳೆಯವು. ಪೆಟ್ಟಿಗೆಯ ಮೇಲೆ ಎರಡನ್ನೂ ಅಕ್ಕಪಕ್ಕ ಕೂರಿಸಿದ್ದಾರೆ.

ಬಸವನಗುಡಿ
ನಮ್ಮ ಬೀದಿಗೆ ಈಗಲೂ ವರ್ಷಕ್ಕೆ ಒಂದೆರಡು ಸಲ ಕತ್ತೆ ಹೊಡೆದುಕೊಂಡು ಬರುತ್ತಾರೆ. ಎದುರಿಗೇ ಕರೆದು ಒಂದು ಒಳಲೆ ಹಾಲು ಕೊಡುತ್ತಾರೆ, ಮಗುವಿಗೆ ಕುಡಿಸಲೆಂದು. ಆ ಒಂದು ಒಳಲೆಯ ಬೆಲೆ ಕೇಳಿದರೆ ಸ್ನಾನದ ಯೋಚನೆ ತಾನಾಗಿ ಬಿಟ್ಟುಹೋಗುತ್ತದೆ. ಕತ್ತೆ ಕೊಡುವ ಹಾಲೇ ದಿನಕ್ಕೆ ಲೀಟರಿನ ಆಸುಪಾಸು. ತೊಟ್ಟಿ ತುಂಬಬೇಕಾದರೆ 500 ಕತ್ತೆ ಬೇಕೇ ಬೇಕು, ಪ್ಲಿನಿಯ ಲೆಕ್ಕ ಸರಿಯಾಗಿದೆ.

ಪುರಾವೆ
ಆದರೂ ಹುಳಿ ಬಂದ ಹಾಲಿನಲ್ಲಿ ಲ್ಯಾಕ್ಟಿಕ್ ಆಮ್ಲ ಇರುತ್ತದೆ, ಸತ್ತ ಚರ್ಮದ ಪದರವನ್ನು ಸಡಿಲಿಸುತ್ತದೆ. ಅದಕ್ಕೆ ಕತ್ತೆಯೇ ಬೇಕಾಗಿಲ್ಲ, ಹುಳಿ ಮೊಸರು ಸಾಕು. ಕಡಲೆಹಿಟ್ಟಿಗೆ ಮೊಸರು ಕಲಸುವುದನ್ನು ಯಾವ ಅಜ್ಜಿಯೂ ಪ್ಲಿನಿಯನ್ನು ಓದಿ ಕಲಿಯಲಿಲ್ಲ.

ನೈದಿಲೆ
ಇಷ್ಟು ಹೊತ್ತು ಸುಮ್ಮನಿದ್ದೆ. ಎಲ್ಲ ಸುಳ್ಳು ಸುಳ್ಳು ಎಂದು ಪೆಟ್ಟಿಗೆ ಒಡೆಯುವ ಭರದಲ್ಲಿ ಅಸಲಿ ಈಜಿಪ್ಟನ್ನೇ ಮರೆತಿದ್ದೀರಿ.

ಏಬರ್ಸ್ ಪಪೈರಸ್ ಎಂಬ ವೈದ್ಯದ ಸುರುಳಿ ಇದೆ. ಸುಮಾರು ಕ್ರಿ.ಪೂ. 1550ರದು, ಉದ್ದ 20 ಮೀಟರಿನ ಹತ್ತಿರ, ಈಗ ಲೈಪ್‌ಜಿಗ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಅದರಲ್ಲಿ ಮುಖದ ಸುಕ್ಕಿಗೆ ಒಂದು ಮದ್ದು ಹೇಳಿದೆ: ಧೂಪದ ಮರದ ಅಂಟು, ಜೇನುಮೇಣ, ಹೊಸದಾಗಿ ತೆಗೆದ ನುಗ್ಗೆ ಎಣ್ಣೆ, ಒಂದು ಜಾತಿಯ ತುಂಗೆ ಹುಲ್ಲು. ನುಣ್ಣಗೆ ಅರೆದು ಅಂಟುಅಂಟಾದ ರಸದಲ್ಲಿ ಕಲಸಿ ದಿನವೂ ಹಚ್ಚಬೇಕು. ಈಗ ನೋಡಿ: ತುಂಗೆಯ ಬಳಗದ್ದೇ ನಮ್ಮ ಕೊನ್ನಾರಿ ಗಡ್ಡೆ, ಗ್ರಂದಿಗೆ ಅಂಗಡಿಯವರು ಭದ್ರಮುಷ್ಟಿ ಎಂದು ಕೊಡುವುದು. ಸ್ನಾನದ ಪುಡಿಗೆ ಈಗಲೂ ಬೀಳುತ್ತದೆ. ಅವರ ನುಗ್ಗೆ ನಮ್ಮ ಸಾರಿನ ನುಗ್ಗೆಯಲ್ಲ, ಅದರ ದಾಯಾದಿ, ಮರಳುಗಾಡಿನ ಮರ. ಎಣ್ಣೆಯ ಗುಣ ಒಂದೇ: ಬಹುಕಾಲ ಕಮಟು ವಾಸನೆ ಬರುವುದಿಲ್ಲ. ಹೂವನ್ನು ನೆನೆಹಾಕಿ ಸುಗಂಧ ಇಳಿಸಲು ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಅದೊಂದೇ.

ಇನ್ನು ಈಜಿಪ್ಟಿನ ಕಮಲ ಎನ್ನುತ್ತಾರಲ್ಲ, ಗೋಡೆಚಿತ್ರಗಳಲ್ಲಿ ಹೆಂಗಸರು ಮೂಗಿಗೆ ಹಿಡಿದ ನೀಲಿ ಹೂವು, ಅದು ತಾವರೆಯಲ್ಲ, ನೈದಿಲೆ. ಎಲೆ ನೀರಿನ ಮೇಲೆ ಮಲಗಿರುತ್ತದೆ, ಎಲೆಯಂಚು ಒಂದು ಕಡೆ ಸೀಳಿರುತ್ತದೆ. ತಾವರೆ ಅಲ್ಲಿಗೆ ಪರ್ಷಿಯನ್ನರ ಕಾಲಕ್ಕೆ ಹೋದದ್ದು. ನನ್ನ ಹೆಸರಿನ ಮರ್ಯಾದೆಯ ಪ್ರಶ್ನೆ, ಅದಕ್ಕೇ ಹೇಳಿದೆ.

ಸಂಬಳದ ದಿನ
ನೈದಿಲೆಯವರು ಎಣ್ಣೆಯ ಮಾತೆತ್ತಿದ್ದು ಒಳ್ಳೆಯದಾಯಿತು. ಮೈಗೆ ಎಣ್ಣೆ ಅಲ್ಲಿ ರಾಣಿಯರ ಶೋಕಿ ಆಗಿರಲಿಲ್ಲ. ಫೇರೋ ಮೂರನೆಯ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷ, ರಾಜರ ಗೋರಿ ಕೊರೆಯುತ್ತಿದ್ದ ದೇರ್ ಎಲ್ ಮದೀನಾದ ಕೆಲಸಗಾರರು ಹತಾರ ಕೆಳಗಿಟ್ಟು ಧರಣಿ ಕೂತರು. ಬರಹದಲ್ಲಿ ಉಳಿದಿರುವ ಅತಿ ಹಳೆಯ ಮುಷ್ಕರ ಅದೇ, ದಾಖಲೆ ಇಟಲಿಯ ಟ್ಯೂರಿನ್‌ನಲ್ಲಿದೆ. ಅವರ ದೂರು ಏನು? ಹಸಿವು, ಬಾಯಾರಿಕೆ, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ. ಬಟ್ಟೆ ಆದ ಕೂಡಲೇ ಎಣ್ಣೆ! ಮರಳುಗಾಡಿನ ಬಿಸಿಲಿನಲ್ಲಿ ಕಲ್ಲಿನ ದೂಳು ಕುಡಿಯುತ್ತಾ ಉಳಿ ಹೊಡೆಯುವವನಿಗೆ ಒಡೆದ ಚರ್ಮಕ್ಕೆ ಹಚ್ಚುವ ಎಣ್ಣೆ ಸಂಬಳದ ಭಾಗ. ಇದನ್ನು ಯಾವ ಪೆಟ್ಟಿಗೆಯ ಮೇಲೂ ಅಚ್ಚು ಹಾಕುವುದಿಲ್ಲ.

ಮೂಲಿಕೆ
ಇದು ಮಾತ್ರ ಚೆನ್ನಾಗಿದೆ.

ಹಳಗನ್ನಡ
ಈಜಿಪ್ಟ್ ಎಂದ ಮೇಲೆ ಆಕ್ಸಿರಿಂಕಸ್ ಪಪೈರಸ್ 413 ಬರಲೇಬೇಕು! ಆಕ್ಸಿರಿಂಕಸ್ ಎಂಬ ಹಳೆಯ ಊರಿನ ಕಸದ ದಿಬ್ಬದಲ್ಲಿ ಸಿಕ್ಕ ಗ್ರೀಕ್ ಪ್ರಹಸನ. ಭಾರತದ ಕರಾವಳಿಯಲ್ಲಿ ಸೆರೆಯಾದ ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿಯ ಕತೆ. ಅದರಲ್ಲಿ ಸ್ಥಳೀಯರು ಆಡುವ ಮಾತು ಕನ್ನಡವೆಂದು 1904ರಲ್ಲೇ ಜರ್ಮನ್ ವಿದ್ವಾಂಸ ಹುಲ್ಟ್ಜ್ ಹೇಳಿದ್ದರು, ನಮ್ಮ ಶಾಮಾಶಾಸ್ತ್ರಿಗಳೂ ದನಿಗೂಡಿಸಿದರು.

ಮದರಂಗಿ
ಅದರಲ್ಲಿ ಸ್ನಾನ ಎಲ್ಲಿದೆ ಸ್ವಾಮಿ?

ಕಡಲತೀರ
ಕನ್ನಡವಲ್ಲ, ತುಳು ಎಂದು ಹೇಳಿದ ವಿದ್ವಾಂಸರೂ ಇದ್ದಾರೆ. ಮಲ್ಪೆಯವನಾಗಿ ಇದನ್ನು ದಾಖಲಿಸದೆ ಮಲಗಲಾರೆ.

ಹಳಗನ್ನಡ
ಎರಡೂ ಅಲ್ಲ, ಬರೀ ಅರ್ಥವಿಲ್ಲದ ಸದ್ದು ಎಂದವರೂ ಇದ್ದಾರೆ. ಬನ್ನಿ, ಬೇರೆ ಎಳೆ ತೆರೆಯೋಣ.

ನಿರ್ವಾಹಕ
ತೆರೆಯಿರಿ. ಇಲ್ಲಿ ಚರ್ಮದ ಮಾತು ಮಾತ್ರ.

ಕೈರೋ ಕನ್ನಡಿಗ
ಮದುವೆ ಮನೆ ಎಂದರು, ಆದ್ದರಿಂದ ಒಂದು ಎಚ್ಚರಿಕೆ. ಕೆಂಪು ಸಮುದ್ರದ ತೀರದ ಹುರ್ಗಾದಾದಲ್ಲಿ ಪ್ರವಾಸಿಗರ ಕೈಗೆ 'ಕಪ್ಪು ಮೆಹಂದಿ' ಬಿಡಿಸುತ್ತಾರೆ. ಗೋರಂಟಿ ಎಲೆ ಎಂದೂ ಕಪ್ಪು ಬಣ್ಣ ಕೊಡುವುದಿಲ್ಲ. ಅದಕ್ಕೆ ಪಿಪಿಡಿ ಎಂಬ ಕೂದಲ ಬಣ್ಣದ ರಾಸಾಯನಿಕ ಬೆರೆಸಿರುತ್ತಾರೆ. ನನ್ನ ಸಹೋದ್ಯೋಗಿಯ ಮಗಳಿಗೆ ಚಿತ್ತಾರದ ಗೆರೆ ಗೆರೆಯೂ ಬೊಬ್ಬೆಯಾಗಿ ಎದ್ದಿತ್ತು. ಹತ್ತು ನಿಮಿಷದಲ್ಲಿ ಕಪ್ಪಾಗುತ್ತದೆ ಎಂದು ಯಾರಾದರೂ ಹೇಳಿದರೆ ಕೈ ಹಿಂದಕ್ಕೆ ಎಳೆದುಕೊಳ್ಳಲು ಹೇಳಿ.

ಮದರಂಗಿ
ಇದಕ್ಕೆ ನನ್ನ ಸಹಿ. ಎಲೆ ಅರೆದು, ಹುಣಸೆಹಣ್ಣು ಹಿಂಡಿ, ರಾತ್ರಿಯಿಡೀ ಬಿಟ್ಟರೆ ಕೆಂಪೇ ಬರುವುದು.

ಹಂಡೆನೀರು
ಎಲ್ಲರಿಗೂ ನಮಸ್ಕಾರ. ಕೈ ಉರಿ ಇಳಿದಿದೆ. ಚರ್ಮದ ಡಾಕ್ಟರು ಒಂದು ಮುಲಾಮು ಕೊಟ್ಟರು, ಒಂದು ವಾರ ಸಾಬೂನು ಮುಟ್ಟಬೇಡಿ ಎಂದರು. ನೇಟ್ರಾನ್ ಹೆಸರು ಹೇಳಿದಾಗ ಅವರು ಪೆನ್ನು ಕೆಳಗಿಟ್ಟು, ಇನ್ನೊಂದು ಸಲ ಹೇಳಿ ಎಂದರು.

ಪೆಟ್ಟಿಗೆಯ ಹಂಚಿಕೆ ಹೀಗಾಯಿತು. ಕಾಡಿಗೆ ಕಸಕ್ಕೆ. ನುಗ್ಗೆ ಎಣ್ಣೆ ತಂಗಿಗೆ, ಅದೂ ಮೊದಲು ಕಿವಿಯ ಹಿಂದೆ ಎರಡು ದಿನ ಹಚ್ಚಿ ನೋಡಿದ ಮೇಲೆ. ಅರ್ಗನ್ ಎಣ್ಣೆ ನನ್ನ ಹಿಮ್ಮಡಿಗೆ. ಲೂಫಾ ಬಚ್ಚಲಿಗೆ, ತೋಟದ ಮನೆಯವರ ಹೀರೆ ಬಂದ ಮೇಲೆ ಅದು ಪಾತ್ರೆ ತಿಕ್ಕಲು. ನೇಟ್ರಾನಿನಲ್ಲಿ ನಿನ್ನೆ ಅಡುಗೆಮನೆಯ ಜಿಡ್ಡು ಹಿಡಿದ ಮಸಿಬಟ್ಟೆಗಳನ್ನು ನೆನೆಸಿಟ್ಟೆ, ಕೈಗೆ ಕವಸು ಹಾಕಿಕೊಂಡು ಹಿಂಡಿದೆ. ಕೆರೆಕೋಡಿಯವರೇ, ನಿಮ್ಮ ಬೆಳ್ಳಕ್ಕಿಯ ಮಾತು ನಿಜ. ಅಮ್ಮ ಇದೆಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದಾರೆ.

ಕತ್ತೆ ಹಾಲಿನ ಪುಡಿ ಮಾತ್ರ ಹಾಗೆಯೇ ಉಳಿದಿದೆ. ನಾಳೆ ಅತ್ತಿಗೆ ಬರುತ್ತಾರೆ. ಹಚ್ಚಿಕೊಂಡೆಯಾ ಎಂದು ಕೇಳಿದರೆ ಏನು ಹೇಳಲಿ?

ಬಸವನಗುಡಿ
ಅವರ ಮಗುವಿಗೆ ಒಳಲೆಯಲ್ಲಿ ಕದಡಿ ಕುಡಿಸಿದೆ ಎನ್ನಿ.

ಮದರಂಗಿ
ಅಯ್ಯೋ, ಅದು ಮೈಗೆ ಹಚ್ಚುವ ಪುಡಿ, ತಮಾಷೆಗೂ ಹಾಗೆ ಹೇಳಬೇಡಿ! ಅಕ್ಕ, ಅವರಿಗೇ ಒಂದು ಚಮಚ ಮೊಸರಿನಲ್ಲಿ ಕಲಸಿ ಕೊಡಿ, ಅಂಗೈಗೆ ಹಚ್ಚಿಕೊಳ್ಳಲಿ. ಹೇಗಿತ್ತೆಂದು ಇಲ್ಲಿ ಬರೆಯುವುದನ್ನು ಮರೆಯಬೇಡಿ.